ಕಪ್ಪು ಮರಿ ಬೆಳ್ಳಗಾದ ಬಗೆ

ಕ್ಯಾಲನೂರಿನ ಮುನಿಯಲ್ಲಪ್ಪನಿಗೆ ನಾಲ್ಕು ಹಸುಗಳಿದ್ದವು, ಒಂದೂವರೆ ಎಕರೆ ಹಿಪ್ಪುನೇರಳೆ ತೋಟವಿತ್ತು. ಆದರೆ ಅವನ ಮನಸ್ಸೆಲ್ಲ ಕುದುರೆಯ ಮೇಲೆ. ಅವನಪ್ಪ ಕೋಲಾರದಲ್ಲಿ ಜಟಕಾ ಓಡಿಸುತ್ತಿದ್ದವನು.

ವಯಸ್ಸು ಐವತ್ತಾಗುವ ಹೊತ್ತಿಗೆ ಆಸೆ ಕೈಗೂಡಿತು. ಶ್ರೀನಿವಾಸಪುರದ ಕಡೆ ಕುದುರೆ ಸಾಕಿ ಮಾರುತ್ತಿದ್ದ ಹಳೆಯ ಗೆಳೆಯ ಶ್ರೀರಾಮಪ್ಪ ಆರು ತಿಂಗಳ ಹೆಣ್ಣುಮರಿಯೊಂದನ್ನು ಬೆಲೆಗೆ ಕೊಟ್ಟ. ಕಾಡಿಗೆಯಂಥ ಕಪ್ಪು. ಮುನಿಯಲ್ಲಪ್ಪ ಅದಕ್ಕೆ ಕಸ್ತೂರಿ ಎಂದು ಹೆಸರಿಟ್ಟ.

ಒಂದು ವರ್ಷ ತುಂಬುವಷ್ಟರಲ್ಲಿ ಮರಿಯ ಕಣ್ಣಿನ ಸುತ್ತ ನರೆಗೂದಲು ಕಾಣಿಸಿತು. ಮೊದಲು ನೋಡಿದವಳು ಹೆಂಡತಿ ಮುನಿಗಂಗಮ್ಮ. ಎರಡು ವರ್ಷಕ್ಕೆ ಮೈಯೆಲ್ಲ ಬೂದಿ ಚೆಲ್ಲಿದ ಹಾಗಾಯಿತು. ಟೀ ಅಂಗಡಿಯಲ್ಲಿ ಯಾರೋ, "ಡೈ ಹಾಕಿ ಮಾರಿರ್ತಾನೆ ಕಣಣ್ಣ. ಈಗ ನಿಜ ಬಣ್ಣ ಹೊರಗ್ ಬರ್ತಾ ಐತೆ" ಎಂದರು. ತನ್ನ ತಲೆಗೂ ಡೈ ಹಚ್ಚಿಕೊಳ್ಳುತ್ತಿದ್ದ ಮುನಿಯಲ್ಲಪ್ಪನಿಗೆ ಆ ಮಾತು ಥಟ್ಟನೆ ಹಿಡಿಸಿತು.

ಮುಳಬಾಗಿಲಿನ ದನದ ಸಂತೆಯಲ್ಲಿ ಅವನು ಶ್ರೀರಾಮಪ್ಪನನ್ನು ಅಡ್ಡಗಟ್ಟಿದ. "ಬಣ್ಣ ಬಳಿದು ನಂಗೇ ಕೊಟ್ಯಲ್ಲೋ. ಬೇರೆಯವ್ರಿಗೆ ಇನ್ನೇನ್ ಕೊಡ್ತೀಯ?" ಎಂದು ಹತ್ತಾರು ಜನರ ಎದುರು ಕೇಳಿದ. ಶ್ರೀರಾಮಪ್ಪ ತಲೆ ತಗ್ಗಿಸಿ ನಡೆದುಬಿಟ್ಟ. ಸುಮ್ಮನಿದ್ದದ್ದೇ ತಪ್ಪೊಪ್ಪಿಗೆ ಎಂದುಕೊಂಡರು ಜನ. ಆಮೇಲೆ ಅವನ ಕುದುರೆ ಕೊಳ್ಳಲು ಬಂದವರು ಒದ್ದೆ ಬಟ್ಟೆಯಿಂದ ಅದರ ಬೆನ್ನು ಉಜ್ಜಿ ನೋಡತೊಡಗಿದರು. ವರ್ಷದೊಳಗೆ ಅವನು ಎಲ್ಲವನ್ನೂ ಮಾರಿ ಆ ಕಸುಬನ್ನೇ ಬಿಟ್ಟ.

ಇದಾಗಿ ಮೂರು ವರ್ಷವಾದ ಮೇಲೆ, ಹಸುವಿಗೆ ಕೆಚ್ಚಲುಬಾವು ಎಂದು ಪಶುವೈದ್ಯೆ ಅನಿತ ಮನೆಗೆ ಬಂದರು. ಚಿಕಿತ್ಸೆ ಮುಗಿಸಿ ಕಸ್ತೂರಿಯ ಹತ್ತಿರ ಹೋದರು. ಅದು ಆಗಲೇ ಬಹುತೇಕ ಬೆಳ್ಳಗಾಗಿತ್ತು.

"ಹುಟ್ಟಿದಾಗ ಕಪ್ಪಗಿತ್ತಾ?"

"ನಿಮಗ್ಯಾರ್ ಹೇಳಿದ್ರಮ್ಮ?"

ಅವರು ಬೆನ್ನಿನ ಕೂದಲನ್ನು ಬೆರಳಿನಿಂದ ಬಿಡಿಸಿ ತೋರಿಸಿದರು. ಒಳಗಿನ ಚರ್ಮ ಕಪ್ಪಗಿತ್ತು. "ಕೂದಲಿನ ಬುಡದಲ್ಲಿ ಬಣ್ಣ ತುಂಬೋ ಜೀವಕೋಶಗಳಿರ್ತವೆ. ಇಂಥ ಕುದುರೆಗಳಲ್ಲಿ ಅವು ಬೇಗ ಬರಿದಾಗ್ತವೆ. ಹಳೇ ಕೂದಲು ಉದುರಿ ಹೊಸದು ಬಂದ ಹಾಗೆಲ್ಲ ಇನ್ನಷ್ಟು ಬಿಳಿ. ಚರ್ಮದ ಬಣ್ಣ ಹೋಗಲ್ಲ. ಅಪ್ಪ-ಅಮ್ಮನಲ್ಲಿ ಒಬ್ರಾದ್ರೂ ಹಿಂಗೇ ಇರ್ಬೇಕು."

ಮರಿಯನ್ನು ತಂದ ದಿನ ಪಕ್ಕದಲ್ಲೇ ನಿಂತಿದ್ದ ಬಿಳಿ ತಾಯಿಕುದುರೆ ಮುನಿಯಲ್ಲಪ್ಪನ ಕಣ್ಣಿಗೆ ಕಟ್ಟಿತು. "ಡೈ ಹಾಕಿದ್ರೂ ಹಿಂಗಾಗಲ್ವಾ?" ಎಂದು ಮೆಲ್ಲಗೆ ಕೇಳಿದ.

"ಡೈ ಆಗಿದ್ರೆ ಒಂದ್ಸಲ ಕೂದಲು ಉದುರಿದ್ರೆ ಮುಗೀತಿತ್ತು. ಹಿಂಗೆ ವರ್ಷಾನುಗಟ್ಟಲೆ ಚೂರುಚೂರೇ ಆಗಲ್ಲ." ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದರು: "ಇಂಥವಕ್ಕೆ ವಯಸ್ಸಾದ ಮೇಲೆ ಬಾಲದ ಕೆಳಗೆ ಗಂಟು ಬರಬಹುದು. ಆಗಾಗ ನೋಡ್ತಿರಿ."

ಮಾರನೆಯ ಬೆಳಿಗ್ಗೆಯೇ ಮುನಿಯಲ್ಲಪ್ಪ ಶ್ರೀನಿವಾಸಪುರದ ಬಸ್ಸು ಹತ್ತಿದ.

ಶ್ರೀರಾಮಪ್ಪ ಟೊಮೇಟೊ ಗಿಡಗಳಿಗೆ ಕಡ್ಡಿ ನೆಡುತ್ತಿದ್ದ. "ರಾ ರಾ, ಕೂರ್ಚೋ" ಎಂದು ತೆಲುಗಿನಲ್ಲೇ ಕರೆದು ಬದುವಿನ ಮೇಲೆ ಜಾಗ ಮಾಡಿಕೊಟ್ಟ. ಮುನಿಯಲ್ಲಪ್ಪ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ.

"ಅವತ್ತು ನೀನಾದ್ರೂ ಬಾಯ್ಬಿಟ್ಟು ಹೇಳ್ಬಾರ್ದಾಗಿತ್ತಾ?"

"ಏನಂತ ಹೇಳ್ಲೋ? ಅದರಮ್ಮನ್ನ ನಾನು ತಂದಾಗ್ಲೇ ಬೆಳ್ಳಗಿತ್ತು. ಅದೂ ಕಪ್ಪಗೆ ಹುಟ್ಟಿತ್ತೇನೋ, ನಂಗೇನ್ ಗೊತ್ತು? ಮರಿ ಯಾಕೆ ಬೆಳ್ಳಗಾಗ್ತೈತೆ ಅಂತ ನಂಗೂ ತಿಳೀಲಿಲ್ಲ. ಬಣ್ಣ ಹಾಕಿಲ್ಲ ಅಂದ್ರೆ ನೀನ್ ನಂಬ್ತಿದ್ಯಾ?"

ಮುಂದಿನ ವಾರ ಮುನಿಯಲ್ಲಪ್ಪ ಮುಳಬಾಗಿಲಿನ ಅದೇ ಸಂತೆಗೆ ಹೋಗಿ, ಸಿಕ್ಕ ದಲ್ಲಾಳಿಗಳಿಗೆಲ್ಲ ತಪ್ಪು ತನ್ನದೆಂದು ಹೇಳುತ್ತಾ ಓಡಾಡಿದ. ಹೆಚ್ಚಿನವರಿಗೆ ಆ ಜಗಳವೇ ನೆನಪಿರಲಿಲ್ಲ. "ಯಾವ ಕುದುರೆ?" ಎಂದರು. ಅದರಿಂದ ಅವನಿಗೆ ಇನ್ನೂ ನೋವಾಯಿತು. ಊರು ಮರೆತ ಮಾತಿಗೆ ಒಬ್ಬ ಮನುಷ್ಯ ತನ್ನ ಕಸುಬನ್ನೇ ಕಳೆದುಕೊಂಡಿದ್ದ.

ಶ್ರೀರಾಮಪ್ಪ ಮತ್ತೆ ಕುದುರೆ ಸಾಕಲಿಲ್ಲ, ಎಷ್ಟು ಹೇಳಿದರೂ. ಆದರೆ ಟೊಮೇಟೊ ಕೊಯ್ಲು ಮುಗಿದ ಮೇಲೆ ಒಮ್ಮೆ ಕ್ಯಾಲನೂರಿಗೆ ಬಂದ. ಎರಡು ದಿನ ಉಳಿದು, ಕಸ್ತೂರಿಗೆ ತಾನೇ ಹುರುಳಿ ಬೇಯಿಸಿ ಹಾಕಿದ.