ಹದಿಮೂರು ಪಾಲಿನ ಪಂಚಮ

ಪಿಟೀಲು ಹಿಡಿದು ಊರೂರು ಸುತ್ತಿದ ನಾನು ಎಂತೆಂಥ ಅಪಸ್ವರಗಳನ್ನೋ ಕೇಳಿದ್ದೇನೆ. ಆದರೆ ಅಷ್ಟು ಧೈರ್ಯದ ಅಪಸ್ವರ ಕೇಳಿದ್ದು ದೂರದ ಚಳಿದೇಶದ ಸ್ಟ್ರೀಟ್ಸ್‌ವಿಲ್‌ನ ಒಂದು ಬೇಸ್‌ಮೆಂಟಲ್ಲಿ. ಅಂದು ಸಂಜೆ ಸರೋಜಮ್ಮನವರ ಮೊಟ್ಟಮೊದಲ ಕಚೇರಿ, ನನ್ನದು ಪಕ್ಕವಾದ್ಯ. ಮಧ್ಯಾಹ್ನ ಅವರ ಮನೆಯಲ್ಲೇ ಅಭ್ಯಾಸಕ್ಕೆ ಕೂತಾಗ ಅವರು ‘ಪ’ ಹಿಡಿದರು. ನನ್ನ ಕಮಾನು ನಿಂತೇಹೋಯಿತು. ಕದಲಬಾರದ ಪಂಚಮ ತನ್ನ ಜಾಗ ಬಿಟ್ಟು ಮೇಲೇರಿ, ಅಲ್ಲೇ ಬಂಡೆಯ ಹಾಗೆ ಕೂತಿತ್ತು.

“ನಿಮ್ಮ ತಂತಿ ಇಳಿದಿದೆ ಕಣ್ರೀ,” ಎಂದರು ಅವರೇ!

ಅವರ ಯಜಮಾನರು, ರಿಟೈರ್ಡ್ ಎಂಜಿನಿಯರು, ಕಂಪ್ಯೂಟರಿಗೆ ಸಿಕ್ಕಿಸಿದ ಕೀಬೋರ್ಡು ತೋರಿಸಿದರು. “ಸಪ್ತಕಕ್ಕೆ ಹನ್ನೆರಡೇ ಸ್ವರ ಯಾಕಮ್ಮ? ನಾನು ಹದಿಮೂರು ಸಮಪಾಲು ಮಾಡಿದೀನಿ. ಎರಡು ವರ್ಷದಿಂದ ಇವಳ ಸಾಧನೆ ಎಲ್ಲಾ ಇದರ ಜೊತೆಗೇ.”

“ರಾಯರೇ, ಈ ಹದಿಮೂರರಲ್ಲಿ ಸರಿಯಾದ ಪಂಚಮವೇ ಇಲ್ಲವಲ್ರೀ!”

“ಹತ್ತಿರದ್ದೊಂದು ಇದೆಯಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

ಎರಡು ವರ್ಷ ಪಳಗಿದ ಕಿವಿ ಒಂದು ಮಧ್ಯಾಹ್ನಕ್ಕೆಲ್ಲಿ ಬದಲಾಗುತ್ತೆ? ವೇದಿಕೆಯ ಮೇಲೆ ನಾನು ನನ್ನ ಪಂಚಮ ಬಿಡಲಿಲ್ಲ, ಅವರು ಅವರದ್ದನ್ನು ಬಿಡಲಿಲ್ಲ. ಮುಗಿದ ಮೇಲೆ ಹಿರಿಯ ಡಾಕ್ಟರೊಬ್ಬರು ಬಂದು ನನಗೇ ಸಮಾಧಾನ ಹೇಳಿದರು: “ಈ ಚಳೀಲಿ ಪಿಟೀಲು ಶ್ರುತಿ ಬಿಡೋದು ಸಹಜ ಬಿಡಿ. ಸದ್ಯ, ಸರೋಜಮ್ಮ ಗಟ್ಟಿಯಾಗಿ ಹಿಡ್ಕೊಂಡ್ರು.”

ಹೂಂ ಎಂದೆ. ಅಷ್ಟು ಹೊತ್ತಿಗೆ ನನಗೂ ಅನುಮಾನ ಶುರುವಾಗಿತ್ತು.