ನಾಲ್ಕು ಆಯ್ಕೆಗಳಲ್ಲಿ ನಮ್ಮ ಅಕ್ಕ

ಬಾಳೆಹಣ್ಣು ಪಕ್ವವಾಗಿದೆಯೋ ಇಲ್ಲವೋ ಎಂಬುದನ್ನು ಬಣ್ಣ ನೋಡಿ ತೀರ್ಮಾನಿಸುವವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಬಗೆಯ ಅನುಕಂಪವಿದೆ. ಕಲಬುರಗಿಯ ಮಾರುಕಟ್ಟೆಯಲ್ಲಿರುವ ನನ್ನ ಅಂಗಡಿಯ ಮುಂದೆ ನಿಂತು, ಕಮಲಾಪುರದ ಕೆಂಪು ಬಾಳೆಯನ್ನು ಸಂಶಯದಿಂದ ದಿಟ್ಟಿಸಿ, ‘ಹಳದಿ ಆದ ಮ್ಯಾಲ ಬರ್ತೀನ್ರೀ’ ಎಂದು ಹೇಳಿ ಹೋದ ಗಿರಾಕಿಗಳು ಇಂದಿಗೂ ಮರಳಿ ಬಂದಿಲ್ಲ. ಬರುವುದೂ ಇಲ್ಲ, ಏಕೆಂದರೆ ಆ ಹಣ್ಣು ಹಳದಿಯಾಗುವುದೇ ಇಲ್ಲ. ಕಾಯಿಯಾಗಿದ್ದಾಗಲೂ ಕೆಂಪು, ಹಣ್ಣಾದಾಗಲೂ ಕೆಂಪು. ಅದರ ಪಕ್ವತೆಯನ್ನು ತೊಟ್ಟಿನ ಬುಡದಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮೂಗಿನ ಹತ್ತಿರ ಹಿಡಿದು ಅರಿಯಬೇಕು. ಮೂವತ್ತು ವರ್ಷಗಳಿಂದ ಈ ಹೆಬ್ಬೆರಳು ನನಗೆ ಸುಳ್ಳು ಹೇಳಿಲ್ಲ. ಈ ಹೆಮ್ಮೆಯನ್ನು ನಾನು ಎಲ್ಲಿಯೂ ಮುಚ್ಚಿಟ್ಟುಕೊಂಡವನಲ್ಲ, ಇಲ್ಲಿಯೂ ಮುಚ್ಚಿಡುವುದಿಲ್ಲ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ‘ಪಾಪ, ಪರಿಸ್ಥಿತಿ’ ಎಂದು ಯಾರಾದರೂ ಮರುಗಿದರೆ ನನಗೆ ಸಿಟ್ಟು ಬರುತ್ತದೆ. ಅಪ್ಪ ತೋಟದಲ್ಲಿ ಬಿದ್ದು ಕೈ ಮುರಿದುಕೊಂಡರು, ಗೊನೆ ಹೊರಲು ಕೈ ಬೇಕಿತ್ತು, ನನಗೆ ಎರಡು ಇದ್ದವು. ಅಷ್ಟೇ. ಮುಂದಿನ ವಿದ್ಯಾಭ್ಯಾಸವೆಲ್ಲ ಹಣ್ಣು ಸುತ್ತಲು ತಂದ ಹಳೆಯ ಪತ್ರಿಕೆಗಳ ರಾಶಿಯಲ್ಲಿ ನಡೆಯಿತು. ಭಾನುವಾರದ ಪುರವಣಿಗಳನ್ನು ಬಿಡದೆ ಓದಿದೆ. ಆದರೆ ಸುತ್ತುವ ಕಾಗದದ ಸ್ವಭಾವವೇ ಅಂಥದ್ದು, ಯಾವ ಲೇಖನಕ್ಕೂ ಕೊನೆ ಇರುತ್ತಿರಲಿಲ್ಲ. ಅರ್ಧದಿಂದ ಹರಿದುಹೋದ ಪ್ರತಿಯೊಂದು ಬರಹದ ಉಪಸಂಹಾರವನ್ನು ನಾನೇ ಊಹಿಸಿ ಮುಗಿಸಬೇಕಿತ್ತು. ಹೀಗೆ ಇಷ್ಟು ವರ್ಷ ಊಹಿಸುತ್ತ ಬಂದವನಿಗೆ ತರ್ಕಶಾಸ್ತ್ರವನ್ನು ಯಾರೂ ಕಲಿಸಬೇಕಾಗಿಲ್ಲ ಎಂಬ ಭ್ರಮೆ ಹುಟ್ಟಿದ್ದರೆ ಅದು ಸಹಜವೇ ಅಲ್ಲವೇ?

ಈ ಭ್ರಮೆಗೆ ಮೊದಲ ಪೆಟ್ಟು ಬಿದ್ದದ್ದು ನನ್ನ ಮಗಳು ಶಿವಲೀಲಾ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದಲು ಕುಳಿತಾಗ. ಪಿಯುಸಿ ಎರಡನೆಯ ವರ್ಷದ ಹುಡುಗಿ. ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಕೂತು ಗಿರಾಕಿಗಳ ಪರವಾಗಿ ನನ್ನೊಡನೆ ವಾದಿಸುತ್ತಿದ್ದವಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಅವಳಿಗೂ ನಮಗೂ ನಡುವೆ ಒಂದು ಒಪ್ಪಂದವಾಗಿತ್ತು: ಪರೀಕ್ಷೆ ಒಂದೇ ಸಲ, ಸಿಕ್ಕರೆ ಹೊರಗಿನ ದೊಡ್ಡ ಕಾಲೇಜು, ಸಿಗದಿದ್ದರೆ ಇಲ್ಲಿಯೇ ಬಿ.ಕಾಂ. ಬಿ.ಕಾಂ. ಎನ್ನುವ ಮಾತು ಬಂದಾಗಲೆಲ್ಲ ಅವಳ ಮುಖ ಕಸುಗಾಯಿ ಕಚ್ಚಿದಂತಾಗುತ್ತಿತ್ತು. ಇಂಗ್ಲಿಷು, ಸಾಮಾನ್ಯ ಜ್ಞಾನ ಇವೆಲ್ಲ ಅವಳಿಗೆ ಸಲೀಸು. ಎಡವುತ್ತಿದ್ದದ್ದು ‘ಲಾಜಿಕಲ್ ರೀಸನಿಂಗ್’ ಎಂಬ ಒಂದೇ ಭಾಗದಲ್ಲಿ. ಊರಿನ ಐವಾನ್-ಎ-ಶಾಹಿ ಬಡಾವಣೆಯ ಕೋಚಿಂಗ್ ಕ್ಲಾಸಿನ ಮಾಸ್ತರು ಅದಕ್ಕೊಂದು ಉಪಾಯ ಹೇಳಿದ್ದರಂತೆ: ಏನೂ ತಿಳಿಯದ ಒಬ್ಬರನ್ನು ಮುಂದೆ ಕೂಡಿಸಿಕೊಂಡು ಪ್ರಶ್ನೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳು, ತಾನಾಗಿಯೇ ತಲೆಗೆ ಹತ್ತುತ್ತದೆ. ಏನೂ ತಿಳಿಯದ ಆ ಒಬ್ಬರ ಸ್ಥಾನಕ್ಕೆ ಮನೆಯಲ್ಲಿ ಸರ್ವಾನುಮತದಿಂದ ನನ್ನ ಆಯ್ಕೆಯಾಯಿತು.

ಬೆಳಿಗ್ಗೆ ಅಂಗಡಿಗೆ ಹೋಗುವ ಮುನ್ನ ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗಂಟೆ ಪಾಠ. ಮೊದಲ ದಿನದ ಪ್ರಶ್ನೆ: ಒಂದು ದುಂಡು ಮೇಜಿನ ಸುತ್ತ ಆರು ಜನ ಕುಳಿತಿದ್ದಾರೆ, ರಮೇಶ ಸುರೇಶನ ಪಕ್ಕದಲ್ಲಿ ಕೂಡುವುದಿಲ್ಲ.

‘ಯಾಕ ಕೂಡಂಗಿಲ್ಲ?’ ಎಂದೆ.

‘ಅದು ಕೇಳಂಗಿಲ್ಲಪ್ಪಾ.’

‘ಏನರ ಜಗಳ ಆಗಿರಬೇಕು. ಹೊಲದ ಬದುವಿಂದು ಇರ್ತದ. ಆರು ಮಂದಿ ಊಟಕ್ಕ ಕುಂತಾಗ ಇಬ್ಬರು ಮಾರಿ ತಿರುಗಿಸಿಕೊಂಡು ಕುಂತರ ಉಳಿದ ನಾಕು ಮಂದಿ ಸುಮ್ಮ ಇರ್ತಾರೇನು? ಮೊದಲ ಅವರಿಬ್ಬರಿಗೂ ರಾಜಿ ಮಾಡಸಬೇಕು.’

‘ಅಪ್ಪಾ, ಟೈಮ್ ಒಂದೂವರಿ ನಿಮಿಷ ಅದ!’

ಒಂದೂವರೆ ನಿಮಿಷದಲ್ಲಿ ರಾಜಿಯಾಗುವ ಜಗಳವನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ, ಅದನ್ನೂ ಹೇಳಿದೆ. ಒಳಗಿನಿಂದ ನನ್ನ ಹೆಂಡತಿ ಮಹಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ‘ಮಾಮಾ, ಹುಡುಗಿಗಿ ಓದಾಕ ಬಿಡ್ರಿ’ ಎಂದಳು. ಗಂಡನನ್ನು ಮಾಮಾ ಎಂದು ಕರೆಯುವುದೇನು ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ. ಮಹಾದೇವಿ ನನ್ನ ಸ್ವಂತ ಅಕ್ಕನ ಮಗಳು. ನನಗಿಂತ ಹದಿನಾರು ವರ್ಷ ದೊಡ್ಡವಳಾದ ನಮ್ಮ ಗುರುಬಾಯಕ್ಕ ತನ್ನ ಮಗಳನ್ನು ನನಗೇ ಕೊಟ್ಟು ಮದುವೆ ಮಾಡಿದಳು. ನಮ್ಮ ಕಡೆ ಇದು ಹೊಸತಲ್ಲ. ಓಣಿಗೆ ನಾಲ್ಕು ಮನೆ ಇಂಥವು ಸಿಗುತ್ತವೆ. ಹುಟ್ಟಿದಾಗಿನಿಂದ ಮಾಮಾ ಎಂದು ಕರೆದವಳು ಮೂರು ಗಂಟು ಬಿದ್ದ ಮಾತ್ರಕ್ಕೆ ಅಭ್ಯಾಸ ಬಿಟ್ಟಾಳೆಯೇ? ಹೀಗಾಗಿ ನಮ್ಮ ಗುರುಬಾಯಕ್ಕ ಶಿವಲೀಲಾಗೆ ಅಪ್ಪನ ಅಕ್ಕನೂ ಹೌದು, ಅವ್ವನ ಅವ್ವನೂ ಹೌದು. ಹುಡುಗಿ ಅವಳನ್ನು ಅಜ್ಜಿಯೆಂಬ ಲೆಕ್ಕದಲ್ಲಿ ಆಯಿ ಎಂದು ಕರೆಯುತ್ತಾಳೆ. ಸಿಟ್ಟು ಬಂದ ದಿನ ಮಾತ್ರ ಅತ್ತಿ ಎನ್ನುತ್ತಾಳೆ.

ಪರೀಕ್ಷೆಗೆ ಐದು ವಾರಗಳಿದ್ದಾಗ, ಒಂದು ಶನಿವಾರ ಕೋಚಿಂಗ್ ಕ್ಲಾಸಿನ ಮಾದರಿ ಪರೀಕ್ಷೆ ಮುಗಿಸಿ ಬಂದ ಹುಡುಗಿ ಬ್ಯಾಗನ್ನು ಮೂಲೆಗೆ ಒಗೆದು ಗೋಡೆಗೆ ಮುಖ ಮಾಡಿ ಕುಳಿತಳು. ತರ್ಕದ ಭಾಗದಲ್ಲಿ ಹಿಂದೆಂದೂ ಬರದಷ್ಟು ಕಡಿಮೆ ಅಂಕ. ಕೊನೆಯ ಪುಟವನ್ನು ಮುಟ್ಟಿಯೇ ಇರಲಿಲ್ಲ. ಕಾರಣ ಒಂದು ಪ್ರಶ್ನೆ: ಸುಮಾ ಲತಾಳ ತಂದೆಯ ಸ್ವಂತ ಅಕ್ಕ, ಕೆಳಗಿನವುಗಳಲ್ಲಿ ಯಾವುದು ಸಾಧ್ಯವೇ ಇಲ್ಲ? ಒಂದು, ಸುಮಾ ಶಿಕ್ಷಕಿ. ಎರಡು, ಸುಮಾಳಿಗೆ ಮದುವೆಯಾಗಿಲ್ಲ. ಮೂರು, ಸುಮಾ ಲತಾಳ ತಾಯಿಗಿಂತ ಹಿರಿಯಳು. ನಾಲ್ಕು, ಸುಮಾ ಲತಾಳ ತಾಯಿಯ ತಾಯಿ.

‘ನಾಲ್ಕೂ ಸಾಧ್ಯ ಅದ!’ ಎಂದೆ ತಕ್ಷಣ.

‘ನನಗೂ ಹಂಗೇ ಅನಿಸ್ತಪ್ಪಾ. ಸಾಧ್ಯ ಇಲ್ಲದ್ದು ಯಾವುದಂತ ನಾಕು ನಿಮಿಷ ಹುಡುಕಿದೆ. ಕಣ್ಣ ಮುಂದ ಆಯೀನೇ ಬಂದು ಕುಂತಳು. ನಾಕನೇದ್ದು ಉತ್ತರ ಅಂತ!’

ಆ ಕ್ಷಣ ನನಗೆ ಅವಳ ಅಂಕಗಳು ಹೋದ ದುಃಖಕ್ಕಿಂತ, ನಮ್ಮ ಅಕ್ಕನನ್ನು ಯಾರೋ ‘ಸಾಧ್ಯವೇ ಇಲ್ಲ’ ಎಂದು ಸಾರಿದ ಅವಮಾನವೇ ದೊಡ್ಡದಾಗಿ ಕಂಡಿತು ಎಂದು ಒಪ್ಪಿಕೊಳ್ಳುತ್ತೇನೆ. ಅಕ್ಕ ನೆಲದ ಮೇಲೆ ಗಟ್ಟಿಯಾಗಿ ಕಾಲೂರಿ ಓಡಾಡುವ ಹೆಂಗಸು. ಸೋಮವಾರ ಬೆಳಿಗ್ಗೆಯೇ ಇಸ್ತ್ರಿಯ ಅಂಗಿ ತೊಟ್ಟು, ಸಾಕ್ಷ್ಯಕ್ಕೆಂದು ಮಹಾದೇವಿಯನ್ನೂ ಕರೆದುಕೊಂಡು ಕೋಚಿಂಗ್ ಕ್ಲಾಸಿಗೆ ಹೋದೆ. ಮಗಳು ಬಾಗಿಲ ಆಚೆಗೇ ನಿಂತಳು, ನಮ್ಮ ಗುರುತು ಇಲ್ಲದವಳಂತೆ.

‘ಸರ್, ಇವರು ನನ್ನ ಹೇಣ್ತಿ’ ಎಂದೆ.

‘ನಮಸ್ಕಾರ್ರೀ ಅಕ್ಕೋರೆ’ ಎಂದರು ಮಾಸ್ತರು. ಮೂವತ್ತು ದಾಟದ, ಕನ್ನಡಕದ ಸಾಧು ಮನುಷ್ಯ.

‘ಇವರು ನಮ್ಮಕ್ಕನ ಮಗಳೂ ಹೌದ್ರಿ’ ಎಂದು ಬಾಂಬು ಹಾಕಿದೆ.

ಮಾಸ್ತರು ಬೆಚ್ಚಿಬೀಳಲಿಲ್ಲ. ‘ಹೌದೇನ್ರಿ? ನಮ್ಮ ಅಣ್ಣಂದೂ ಹಂಗೇ ಆಗ್ಯದ್ರಿ. ಕೂಡ್ರಿ, ಚಹಾ ತರಸ್ತೀನಿ’ ಎಂದರು.

‘ಮತ್ತ ಜವಾಬು ತಪ್ಪಲ್ಲೇನ್ರಿ?’

‘ತಪ್ಪೇ ಅದ್ರಿ. ಆದ್ರ ಸವಾಲು ದಿಲ್ಲೀದರಿ. ಅಲ್ಲಿ ಮಾಮಾಗ ಹೆಣ್ಣು ಕೊಡಂಗಿಲ್ಲ.’

ತಪ್ಪು ಎಂದು ಒಪ್ಪಿಕೊಂಡವರೊಡನೆ ಜಗಳವಾಡುವುದು ಹೇಗೆ? ವಾದಕ್ಕೆಂದು ಕಟ್ಟಿಕೊಂಡು ಹೋದ ಮಾತುಗಳನ್ನೆಲ್ಲ ಚಹಾದೊಂದಿಗೆ ನುಂಗಿದೆ. ಏಳುವಾಗ ಮಾಸ್ತರು ಮೆತ್ತಗೆ ಹೇಳಿದರು: ‘ಹುಡುಗಿ ಭಾಳ ಶಾಣ್ಯಾ ಅದಾಳ್ರಿ. ಆದ್ರ ಪ್ರತಿ ಸವಾಲಿಗೂ ಯಾಕ ಯಾಕ ಅಂತ ಕೇಳ್ತಾಳ. ಇತ್ತಿತ್ಲಾಗ ಭಾಳ ಆಗ್ಯದ. ಮನ್ಯಾಗ ಯಾರರ ಕಲಸ್ಯಾರೇನು?’ ಮಹಾದೇವಿ ನನ್ನ ಕಡೆ ನೋಡಲಿಲ್ಲ. ನೋಡದೇ ಇರುವುದರಲ್ಲಿ ಅವಳದು ಎತ್ತಿದ ಕೈ.

ಮನೆ ಸೇರುವಷ್ಟರಲ್ಲಿ ನನ್ನ ಲೆಕ್ಕ ನನಗೇ ತಿಳಿಯಿತು. ಮಗಳ ತಲೆಗೆ ತರ್ಕ ಹತ್ತಲೆಂದು ಕೂತ ನಾನು, ತರ್ಕದ ಬದಲು ನನ್ನನ್ನೇ ಹತ್ತಿಸಿಬಿಟ್ಟಿದ್ದೆ. ನಾನು ಶಾಲೆ ಬಿಟ್ಟದ್ದಕ್ಕೆ ಎಂದೂ ಪಶ್ಚಾತ್ತಾಪಪಟ್ಟವನಲ್ಲ. ಆದರೆ ನಾನು ಬಿಟ್ಟ ಶಾಲೆ ಅವಳ ಕೈಯಿಂದಲೂ ಜಾರಲು ನಾನೇ ಕಾರಣನಾದರೆ? ಮರುದಿನದಿಂದ ಪಡಸಾಲೆಯಲ್ಲಿ ಬಾಯಿಗೆ ಬೀಗ ಹಾಕಿ ಕುಳಿತೆ. ಎಷ್ಟು ಅನ್ಯಾಯದ ಪ್ರಶ್ನೆ ಬಂದರೂ ‘ಹೂಂ’. ಒಬ್ಬ ಮನುಷ್ಯ ಉತ್ತರಕ್ಕೆ ಹತ್ತು ಮೈಲಿ ನಡೆದು, ಪೂರ್ವಕ್ಕೆ ತಿರುಗಿ, ದಕ್ಷಿಣಕ್ಕೆ ಹತ್ತು ಮೈಲಿ ನಡೆದ ಪ್ರಶ್ನೆಯಲ್ಲಿ, ಆ ಬಿಸಿಲಿನಲ್ಲಿ ಅವನಿಗೊಂದು ಬಸ್ಸು ಸಿಗಲಿಲ್ಲವೇ ಎಂದು ಕೇಳುವ ಆಸೆಯನ್ನು ನಾನು ಅದುಮಿಟ್ಟದ್ದನ್ನು ತಪಸ್ಸು ಎಂದೇ ಕರೆಯಬೇಕು. ಆದರೂ ಅವಳ ಅಂಕ ಏರಲಿಲ್ಲ. ‘ನೀ ಸುಮ್ಮ ಕುಂತರೂ ನಿನ್ನ ಹುಬ್ಬು ಮಾತಾಡ್ತಾವ’ ಎಂದಳು.

ಪರೀಕ್ಷೆಗೆ ಎರಡು ವಾರ ಉಳಿದಾಗ, ಒಂದು ಭಾನುವಾರ ಗೊನೆ ತರಲು ಕಮಲಾಪುರಕ್ಕೆ ಹೊರಟವನು ಅವಳನ್ನೂ ಟೆಂಪೋದಲ್ಲಿ ಕೂಡಿಸಿಕೊಂಡೆ. ಅಲ್ಲಿ ಅಡಿ ಹಾಕುವ ಕೋಣೆ, ಎಂದರೆ ಹುಲ್ಲಿನ ನಡುವೆ ಕಾಯಿ ಮುಚ್ಚಿಟ್ಟು ಹಣ್ಣು ಮಾಡುವ ಕೋಣೆ, ಗುರುಬಾಯಕ್ಕನ ಸಾಮ್ರಾಜ್ಯ. ನನ್ನ ಹೆಬ್ಬೆರಳಿಗೆ ವಿದ್ಯೆ ಕಲಿಸಿದ್ದೇ ಅವಳು. ಕೋಣೆಯ ಬಾಗಿಲು ತೆರೆದು ಮೂಗಿನಿಂದಲೇ ‘ಎಡಗಡಿ ಮೂಲ್ಯಾಗಿಂದು ನಾಳಿಗಿ’ ಎಂದು ಹೇಳಬಲ್ಲವಳು. ಹುಡುಗಿ ಅವಳ ಮಗ್ಗುಲಲ್ಲಿ ಕೂತು ಸುಮಾಳ ಕಥೆಯನ್ನೆಲ್ಲ ಹೇಳಿ, ಕೊನೆಗೆ, ‘ಆಯಿ, ನೀ ಇರೋದೇ ಸಾಧ್ಯ ಇಲ್ಲಂತ’ ಎಂದಳು.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹುಲ್ಲು ಸರಿಸುತ್ತಲೇ ಕೇಳಿದಳು: ‘ಆ ಸವಾಲು ಮಾಡಿದಂವ ನಮ್ಮ ಮನಿಗಿ ಬಂದಿದ್ನೇನು?’

‘ಇಲ್ಲ.’

‘ನೀನೇ ಅವನ ಮನಿಗಿ ಹೋಗೀದಿ, ಹೌದಿಲ್ಲೋ? ಮಂದಿ ಮನಿಗಿ ಹೋದಾಗ ಅವರು ಅನ್ನ ನೀಡಿದರ ಅನ್ನ ಉಣಬೇಕು. ನಿಮ್ಮ ಮನ್ಯಾಗ ರೊಟ್ಟಿ ಯಾಕ ಮಾಡಂಗಿಲ್ಲ ಅಂತ ಕೇಳಿಕೋತ ಕೂಡಬಾರದು. ಉಂಡು, ಕೈ ತೊಳಕೊಂಡು, ಎದ್ದು ಬರಬೇಕು. ಮನಿಗಿ ಬಂದ ಮ್ಯಾಲ ರೊಟ್ಟಿ ಇದ್ದೇ ಇರ್ತದ.’

ಹುಡುಗಿ ತಾನೂ ಹುಲ್ಲು ಸರಿಸಲು ಕೈ ಹಾಕಿದಳು. ನಾನು ಸುಮ್ಮನಾದೆ, ಈ ಸಲ ಹುಬ್ಬು ಸಮೇತ. ಹೊರಗಿನ ತಿಳಿವಳಿಕೆಯನ್ನು ಪ್ರಶ್ನೆಯೊಳಗೆ ತರಬಾರದು ಎಂದು ಕೋಚಿಂಗ್ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಆದರೆ ಬರೆದವನು ತನ್ನ ಮನೆಯನ್ನು ಗೋಡೆ ಚಾವಣಿ ಸಮೇತ ಪ್ರಶ್ನೆಯೊಳಗೆ ತಂದಿಟ್ಟಿದ್ದ, ಅದು ಅವನಿಗೇ ಗೊತ್ತಿರಲಿಲ್ಲ. ಅದಕ್ಕಾಗಿ ಅವನ ಮೇಲೆ ಸಿಟ್ಟಾಗಬಹುದಿತ್ತು. ಆದರೆ ಒಂದು ಕಾಲೂ ಶಾಲೆಯೊಳಗೆ ಇಡದ ನಮ್ಮ ಅಕ್ಕ ಅದೇ ಸಂಗತಿಯನ್ನು ಕಂಡು, ಸಿಟ್ಟಾಗದೆ, ಅತಿಥಿಯಂತೆ ಹೋಗಿ ಬಾ ಎಂದಳು. ತನ್ನನ್ನೇ ಇಲ್ಲವೆಂದು ಹೇಳಿದವನ ಮನೆಯಲ್ಲಿ ಉಂಡು ಬಾ ಎನ್ನಲು ತಾನು ಇದ್ದೇನೆಂಬ ನಂಬಿಕೆ ಎಷ್ಟು ಗಟ್ಟಿಯಾಗಿರಬೇಕು! ನನ್ನ ಹೆಮ್ಮೆಗೆ ಅಷ್ಟು ಗಟ್ಟಿತನ ಇರಲಿಲ್ಲ. ಅದಕ್ಕೇ ಅದು ಇಸ್ತ್ರಿಯ ಅಂಗಿ ತೊಟ್ಟು, ಹೆಂಡತಿಯನ್ನು ಕಟ್ಟಿಕೊಂಡು ಹೋಗಿತ್ತು.

ಪರೀಕ್ಷೆಯ ದಿನ ಮಧ್ಯಾಹ್ನದ ಉರಿಬಿಸಿಲಿನಲ್ಲಿ ಕೇಂದ್ರದ ಗೇಟಿನ ಎದುರಿನ ಬೇವಿನ ಮರದ ಕೆಳಗೆ ಎರಡು ತಾಸು ನಿಂತೆ. ಹೊರಬಂದವಳ ಮುಖದಿಂದ ಏನೂ ತಿಳಿಯಲಿಲ್ಲ. ಬಣ್ಣ ನೋಡಿ ತೀರ್ಮಾನಿಸಲಾಗದ ಹಣ್ಣು ಅದೂ.

‘ಸಂಬಂಧದ ಸವಾಲು ಬಂದಿತ್ತೇನವ್ವಾ?’

‘ಬಂದಿತ್ತು. ನಿನ್ನ, ಅವ್ವನ್ನ, ಆಯೀನ ಮೂರೂ ಮಂದೀನ ಇದೇ ಗಿಡದ ಬುಡಕ ಕೂಡಿಸಿ ಒಳಗ ಹೋಗಿದ್ದೆ. ಒಂದು ನಿಮಿಷದಾಗ ಉಂಡು ಕೈ ತೊಳಕೊಂಡೆ.’

ಸೀಟು ಸಿಕ್ಕಿತು. ಮೊದಲ ಪಟ್ಟಿಯಲ್ಲಲ್ಲ, ಮೂರನೆಯದರಲ್ಲಿ. ಎರಡನೆಯ ಪಟ್ಟಿಗೂ ಮೂರನೆಯದಕ್ಕೂ ನಡುವೆ ನಮ್ಮ ಮನೆಯಲ್ಲಿ ಬಿ.ಕಾಂ. ಎಂಬ ಶಬ್ದವನ್ನು ಯಾರೂ ಉಚ್ಚರಿಸಲಿಲ್ಲ. ಹಾಸ್ಟೆಲಿಗೆ ಹೋಗುವಾಗ ಅವಳು ಕೆಂಪು ಬಾಳೆಯ ಒಂದು ಪೆಟ್ಟಿಗೆ ಒಯ್ದಳು; ಗೆಳತಿಯರು ಹಳದಿಯಾಗಲೆಂದು ಮೂರು ದಿನ ಕಾದರಂತೆ.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಅವಳ ಫೋನು. ದನಿಯಲ್ಲಿ ಅವಸರ. ‘ಅಪ್ಪಾ, ಇವತ್ತು ಕ್ಲಾಸಿನ್ಯಾಗ ಮದುವಿ ಕಾಯಿದೆ ಓದಿದಿವಿ. ಯಾರ್ಯಾರು ಯಾರನ್ನ ಆಗಬಾರದು ಅಂತ ಪಟ್ಟಿ ಅದ. ಅದರಾಗ ಮಾಮಾ, ಅಕ್ಕನ ಮಗಳು ಅಂತನೂ ಅದ.’

ಇಷ್ಟು ವರ್ಷದ ಸಂಸಾರ! ದಿಲ್ಲಿಯವನು ಕಾಯಿದೆಯೊಳಗೂ ಬಂದು ಕೂತನೇ?

‘ತಡಿ, ಪೂರಾ ಕೇಳು. ಆಗಬಾರದು, ಅವರವರ ರೂಢಿ ಒಪ್ಪಿದ್ದರ ಹೊರತು. ಹಿಂಗ ಬರದಾರ. ಪರೀಕ್ಷಾದಾಗ ಈ ಹೊರತು ಇರಲಿಲ್ಲ, ಕಾಯಿದೆದಾಗ ಅದ. ಆಯಿಗೆ ಹೇಳು, ಆಕಿ ಸಾಧ್ಯ ಇದ್ದಾಳಂತ.’

ಫೋನು ಇಟ್ಟೆ. ಅವಳು ಪರೀಕ್ಷೆಯ ದಿನ ಬಾಗಿಲ ಹೊರಗೆ ಬೇವಿನ ಕೆಳಗೆ ಕೂಡಿಸಿ ಹೋದ ನಮ್ಮ ಮನೆಯವರನ್ನು, ಅವಳು ಒಳಗೆ ಹೋದ ಮೇಲೆ ಕಾನೂನು ತಾನಾಗಿಯೇ ಹೆಸರು ಹಿಡಿದು ಕರೆದಿತ್ತು. ಒಂದು ಸಣ್ಣ ಪದದಷ್ಟು ಜಾಗ. ನಮ್ಮ ಕುಟುಂಬವಿಡೀ ಆರಾಮಾಗಿ ಕೂತಿತ್ತು.

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಬಂದು ಗೊನೆಯನ್ನು ಸಂಶಯದಿಂದ ನೋಡಿ, ‘ಬಾಳೆಹಣ್ಣಂದ್ರ ಹಳದಿ ಇರ್ತಾವಲ್ರೀ ಅಣ್ಣಾ?’ ಎಂದಳು. ಹಿಂದಿನ ನಾನಾಗಿದ್ದರೆ ಅರ್ಧ ತಾಸಿನ ವಾದಕ್ಕೆ ತೊಡೆ ತಟ್ಟುತ್ತಿದ್ದೆ. ಒಂದು ಹಣ್ಣು ಕಿತ್ತು, ತೊಟ್ಟಿನ ಬುಡ ಒತ್ತಿ ನೋಡಿ, ಅವಳ ಕೈಗಿಟ್ಟು ಹೇಳಿದೆ:

‘ಖರೇ ಅದ ತಂಗಿ. ಎಲ್ಲಾ ಹಳದೀನೇ ಇರ್ತಾವ, ಕಮಲಾಪುರದ್ದು ಹೊರತು.’