ಸೀದ ಬಾಂಡ್ಲಿಯ ವಿಚಾರಣೆ

ಕಾಲೇಜಿನಿಂದ ಬಂದು ಗೇಟು ತೆಗೆದಾಗ ಮನೆಯೊಡತಿ ಪುಟ್ಟಮ್ಮನವರು ನನ್ನ ಕಡಾಯಿಯನ್ನು ಮುಖದ ಹತ್ತಿರ ಹಿಡಿದು ಮೂಸುತ್ತಿದ್ದರು.

ಚನ್ನರಾಯಪಟ್ಟಣದಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿ, ವಿಜಯಪುರದಿಂದ ಬಂದು ಅವರ ಹಿಂಬದಿಯ ಕೋಣೆಗೆ ಬಾಡಿಗೆಗೆ ಸೇರಿ ಕೆಲವು ತಿಂಗಳಾಗಿತ್ತು. ನಮ್ಮ ಮನೆಯಂತೆ ಪಾತ್ರೆಯನ್ನು ಬಚ್ಚಲಲ್ಲಿ ತೊಳೆಯುವ ಹಾಗಿಲ್ಲ ಇಲ್ಲಿ. ಹಿತ್ತಲ ಕಲ್ಲಿನ ಮೇಲೆ, ಎಲ್ಲರ ಕಣ್ಣೆದುರು ತೊಳೆಯಬೇಕು. ನಮ್ಮ ಕಡಾಯಿ ಇವರಿಗೆ ಬಾಂಡ್ಲಿ. ನಮ್ಮಲ್ಲಿ ತಳ ಹತ್ತಿದರೆ ಇವರಲ್ಲಿ ಸೀದುಹೋಗುತ್ತದೆ. ಇಂಥವನ್ನೆಲ್ಲ ಬೇಗ ಕಲಿತೆ. ಪುಟ್ಟಮ್ಮನವರು ಎಳನೀರು ಕೊಡುವ ನೆಪದಲ್ಲಿ ಒಳಬಂದು ಒಲೆಯ ಮೇಲೇನಿದೆ ಎಂದು ಇಣುಕುವುದನ್ನು ಮಾತ್ರ ಒಪ್ಪಿಕೊಳ್ಳಲಾಗಲಿಲ್ಲ.

ಹಿಂದಿನ ದಿನ ಊರಿನ ನೆನಪಾಗಿ ಶೇಂಗಾ ಉಂಡೆ ಮಾಡಲು ಹೋಗಿ ಬೆಲ್ಲದ ಪಾಕ ಕರಕಲಾಗಿತ್ತು. ಸೋಡಾ ಹಾಕಿದ ನೀರು ತುಂಬಿ, ಕಡಾಯಿಯನ್ನು ಕಲ್ಲಿನ ಮೇಲೆ ನೆನೆಯಲು ಬಿಟ್ಟಿದ್ದೆ.

“ಮೊಟ್ಟೆ ಮಾಡಿದ್ರಾ ಮೇಡಂ? ನಿಜ ಏಳ್ಬುಡಿ,” ಎಂದರು ಪುಟ್ಟಮ್ಮನವರು.

ಮೊಟ್ಟೆ, ಮಾಂಸ ಬೇಯಿಸಬಾರದೆಂಬುದು ಈ ಮನೆಯ ಕರಾರು. ಬೇಯಿಸಿದರೆ ಕೋಣೆ ಖಾಲಿ ಮಾಡಬೇಕು. ಒಂಟಿ ಹುಡುಗಿಗೆ ಈ ಊರಲ್ಲಿ ಇನ್ನೊಂದು ಕೋಣೆ ಸಿಗುವುದು ಎಷ್ಟು ಕಷ್ಟವೆಂದು ನನಗಾಗಲೇ ಗೊತ್ತಿತ್ತು. ಬೆಲ್ಲ ಎಂದೆ. ಬೆಲ್ಲ ಹೀಗೆ ನಾರುತ್ತದೆಯೇ ಎಂದು ಅವರು ಪಕ್ಕದ ಮನೆಯವಳನ್ನೂ ಕರೆದರು. ಅವಳೂ ಮೂಸಿದಳು, ಓದಿದವರ ಕೈಯಡುಗೆ ಇಷ್ಟೇ ಎಂದು ನಕ್ಕಳು. ಕೊನೆಗೆ ಪುಟ್ಟಮ್ಮನವರ ಅತ್ತೆ ಜಗಲಿಯಿಂದ ಎದ್ದು ಬಂದು, ಕರಕಲನ್ನು ಉಗುರಿನಲ್ಲಿ ಕೆರೆದು ನಾಲಿಗೆಗೆ ಹಚ್ಚಿಕೊಂಡರು. ನನ್ನದೇ ಕಡಾಯಿಯ ಮುಂದೆ ನಾನು ತೀರ್ಪಿಗೆ ಕಾಯುತ್ತ ನಿಂತಿದ್ದೆ.

“ಬೆಲ್ಲನೇ ಕಣಮ್ಮಿ. ಪಾಪ, ಈ ಮಗ ಸುಳ್ಳೇಳಿಲ್ಲ.”

ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಪುಟ್ಟಮ್ಮನವರು ಕಡಾಯಿಯಲ್ಲೇ ಹುಣಸೆಹಣ್ಣು ಹಾಕಿ ನೀರು ಕುದಿಸಿ, ಬೂದಿಯಲ್ಲದ್ದಿದ ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ, ಕೊಂಡಾಗಲೂ ಇಲ್ಲದ ಹೊಳಪು ತಂದುಕೊಟ್ಟರು. ನನಗೆ ಹೊಳಪು ಬೇಕಿರಲಿಲ್ಲ. ನಾನು ಬೆಲ್ಲ ಎಂದಾಗ ಅದು ಬೆಲ್ಲವಾಗಬೇಕಿತ್ತು. ಕೈ ನೋಯುವಷ್ಟು ಉಜ್ಜಿದವರಿಗೆ ಇದನ್ನು ಹೇಳುವುದು ಹೇಗೆ? ಅವರ ಉಪಕಾರ ನನ್ನ ಬಾಯಿ ಕಟ್ಟಿತು. ಅದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು.

ಇಂಥದ್ದು ನಮ್ಮಲ್ಲಿ ನಡೆಯುವುದಿಲ್ಲ ಎಂದು ಹೇಳಿಕೊಳ್ಳಲು ಅವ್ವನಿಗೆ ಫೋನು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು ನಿರಾಳವಾದಳು.

“ಛಲೋ ಮಂದಿ ಸಿಕ್ಕಾರ ಬಿಡವಾ. ನಮ್ಮ ಮ್ಯಾಲಿನ ಖೋಲ್ಯಾಗ ಬಾಡಿಗಿ ಇದ್ದ ಹುಡುಗ್ಯಾರ ಭಾಂಡೆ ನಾನೂ ಮೂಸಿ ನೋಡ್ತಿದ್ದೆ.”

ಅವರೇನೂ ಹೇಳುತ್ತಿರಲಿಲ್ಲವೇ ಎಂದು ಕೇಳಿದೆ.

“ಏನ್ ಹೇಳ್ತಾರ? ಖಾಲಿ ಮಾಡಿ ಹೋದ್ರು.”

ಹಬ್ಬಕ್ಕೆ ಊರಿಗೆ ಹೋಗಲು ಕಾದಿರಿಸಿದ್ದ ಬಸ್ಸಿನ ಸೀಟನ್ನು ಆ ಸಂಜೆಯೇ ರದ್ದು ಮಾಡಿದೆ. ಹಬ್ಬದ ದಿನ ಪುಟ್ಟಮ್ಮನವರು ಬಾಗಿಲು ತಟ್ಟಿ, ಒಬ್ಬಟ್ಟು ಮಾಡಿದ್ದೇನೆ, ಊಟಕ್ಕೆ ಬನ್ನಿ ಎಂದು ಕರೆದರು. ಅಲ್ಲಿಗೂ ಹೋಗಲಿಲ್ಲ.